ಚಿಪ್ಪಿನ ಸೌಟು ಮತ್ತು ಒಂದು ಹತ್ತರ ಟ್ರಿಪ್ಪು

ಅವರು ಕೂತು ಉಂಡದ್ದನ್ನು ನಾನು ನೋಡಿದ್ದು ಕಡಿಮೆ. ಒಂಬತ್ತು ವರ್ಷ ನಾವು ಒಂದೇ ಸಿಟಿ ಬಸ್ಸಿನಲ್ಲಿದ್ದೆವು. ಅವರು ಡ್ರೈವರ್, ನಾನು ಕಂಡಕ್ಟರ್. ಮಧ್ಯಾಹ್ನ ಹಂಪನಕಟ್ಟೆಯ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿದ ಮೇಲೆ ಬೇರೆಯವರೆಲ್ಲ ಹೋಟೆಲಿಗೆ ಹೋಗಿ ಮೀನೂಟಕ್ಕೆ ಕೂತರೆ, ಇವರು ಬಸ್ಸಿನ ಹಿಂಬದಿಯಲ್ಲಿ ನಿಂತು, ಬುತ್ತಿಯನ್ನು ಬಂಪರಿನ ಮೇಲಿಟ್ಟು ತಿನ್ನುತ್ತಿದ್ದರು. ತಿನ್ನುವಾಗಲೂ ಒಂದು ಕಾಲು ಕುಣಿಯುತ್ತಲೇ ಇರುತ್ತಿತ್ತು. "ಕೂತ್ಕೊಳ್ಳಿ ಅಣ್ಣ, ಬಸ್ಸು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ" ಅಂದರೆ, "ಬಸ್ಸು ಹೋಗ್ಲಿಕ್ಕಿಲ್ಲ ಮಾರಾಯ, ಟೈಮ್ ಹೋಗ್ತದೆ" ಅನ್ನುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ ಏನೂ ಹೇಳಲಿಕ್ಕಿಲ್ಲ, ಮಗಳು ನನ್ನನ್ನು ಸುಮ್ಮನೆ ಬಿಡಲಿಕ್ಕಿಲ್ಲ. ನಾವು ಮಾತಾಡುತ್ತಿದ್ದದ್ದು ಹೆಚ್ಚಾಗಿ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಮಾತಿನ ಖಾರ ಅರ್ಧ ಹೋಗುತ್ತದೆ. ಹೋದರೆ ಹೋಗಲಿ, ಬರೆಯದೆ ನನಗೆ ಸಮಾಧಾನ ಇಲ್ಲ. ನಾಲ್ಕು ದಿನದಿಂದ ಈಗಿನ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತಲ್ಲಿ ಕೂರಲು ಆಗುತ್ತಿಲ್ಲ.

ನಮ್ಮ ಊರಿನ ಖಾಸಗಿ ಬಸ್ಸಿನ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಪ್ರತಿ ಟ್ರಿಪ್ಪಿಗೂ ಒಂದು ಟೈಮಿಂಗ್. ಒಂದು ಹತ್ತು ಅಂದರೆ ಒಂದು ಹತ್ತು, ಒಂದು ಹನ್ನೊಂದು ಅಲ್ಲ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಬಂದು ಹಾರ್ನ್ ಹೊಡೆಯುತ್ತಾನೆ, ನಿಮ್ಮ ಹೆತ್ತವರನ್ನೆಲ್ಲ ನೆನಪಿಸುತ್ತಾನೆ. ಇದರ ನಡುವೆ ನಮ್ಮದೇ ಒಂದು ಮರ್ಯಾದೆಯೂ ಉಂಟು. ಯಾವುದಾದರೂ ಬಸ್ಸಿಗೆ ತೊಂದರೆಯಾದರೆ, ಪಂಕ್ಚರ್ ಆದರೆ, ಅದರ ಕಂಡಕ್ಟರ್ ಬಂದು "ನಮ್ಮ ಟೈಮ್ ನೀವು ತಗೊಳ್ಳಿ, ನಿಮ್ಮದು ನಮಗೆ ಕೊಡಿ" ಅಂದರೆ ಇಲ್ಲ ಅನ್ನಬಾರದು. ಇದು ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಅದನ್ನು ಮುರಿದವನಿಗೆ ಸ್ಟ್ಯಾಂಡಿನಲ್ಲಿ ಮುಖ ಇಲ್ಲ. ಬದಲಾವಣೆಗೆ ಹೂಂ ಅನ್ನುವವನು ಕಂಡಕ್ಟರ್, ಡ್ರೈವರ್ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಅವರ ಜೊತೆ ಸೇರಿದಾಗ ಅವರಿಗೆ ನಲವತ್ತಾರೋ ನಲವತ್ತೇಳೋ. ಆಗಲೇ ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ತಿನ್ನುತ್ತಿದ್ದರು. ಅನ್ನವನ್ನೂ ತಿನ್ನುತ್ತಿದ್ದರು, ಸಣ್ಣ ಪ್ರಮಾಣದಲ್ಲಿ ಅಲ್ಲ. ಕುಚ್ಚಲಕ್ಕಿ ಅನ್ನ ಮೂರು ಸಲ ಹಾಕಿಸಿಕೊಂಡು, ನಾಲ್ಕನೆಯ ಸಲಕ್ಕೆ ಮೀನಿನ ಸಾರು ಉಳಿದಿದೆಯಲ್ಲ ಅಂತ ಮತ್ತೆ ಕೈ ಎತ್ತುವ ಮನುಷ್ಯ. ಮಾತ್ರೆ ಸಾಲದೆ ಅತ್ತಾವರದ ಆಸ್ಪತ್ರೆಯ ಡಾಕ್ಟರಮ್ಮ ಇನ್ಸುಲಿನ್ ಬರೆದರು. ರಾತ್ರಿಗೆ ಒಂದು, ಮೂರು ಹೊತ್ತಿನ ಊಟಕ್ಕೆ ಮುಂಚೆ ಒಂದೊಂದು. ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಖಾಕಿ ಶರ್ಟು ಎತ್ತಿ, ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದರು. ಧಣಿಗೆ, ಅಂದರೆ ಬಸ್ಸಿನ ಯಜಮಾನರಿಗೆ, ಹೇಳಿರಲಿಲ್ಲ. "ಹೇಳಿದ್ರೆ ಸ್ಟೇರಿಂಗ್ ಹೋಯ್ತು. ಮತ್ತೆ ಎಂತ ಮಾಡುವುದು ನಾನು? ಮನೆಯಲ್ಲಿ ಕೂತು ನೊಣ ಹೊಡೆಯುವುದಾ?" ನನ್ನಿಂದ ಬಾಯಿ ಬಿಡುವುದಿಲ್ಲ ಅಂತ ಮಾತು ತೆಗೆದುಕೊಂಡರು. ಕೊಟ್ಟೆ. ಆಗ ನನಗೆ ಮೂವತ್ತಾರು, ಮಾತು ಕೊಡುವುದು ಸುಲಭ ಅನ್ನಿಸುವ ವಯಸ್ಸು.

ಅನ್ನ ಜಾಸ್ತಿ, ಅದಕ್ಕೆ ಸೂಜಿ ಜಾಸ್ತಿ. ಸೂಜಿ ಜಾಸ್ತಿಯಾದಾಗ ಹಸಿವು ಜಾಸ್ತಿ, ಮತ್ತೆ ಅನ್ನ ಜಾಸ್ತಿ. ಬೆಳಿಗ್ಗೆ ಮುನ್ನೂರು, ಮಧ್ಯಾಹ್ನ ಎಂಬತ್ತು, ಸಂಜೆ ಮತ್ತೆ ಮುನ್ನೂರು. ಶುಗರ್ ನೋಡುವ ಮೆಷಿನನ್ನು ಮುಖದ ಹತ್ತಿರ ಹಿಡಿದು, "ಇದು ಎಂತ, ನಮ್ಮ ಹಿಂದಿನ ಬಸ್ಸಿನವನಾ, ಒಮ್ಮೆ ಓಡ್ತದೆ ಒಮ್ಮೆ ನಿಲ್ತದೆ" ಅಂತ ಬೈಯುತ್ತಿದ್ದರು. ಒಂದು ದಿನ ಯಾರೋ ಮೊಬೈಲಿನಲ್ಲಿ ತೋರಿಸಿದ ಒಂದು ವಿಡಿಯೋ ನೋಡಿ, ಅನ್ನ ಬಿಡುತ್ತೇನೆ ಅಂದರು. ನಾನು ನಕ್ಕೆ. ಸ್ಟ್ಯಾಂಡಿನವರೆಲ್ಲ ನಕ್ಕರು. "ಅನ್ನ ಬಿಟ್ಟು ಬರೀ ಮೀನು ತಿನ್ನುವುದು ಬೆಕ್ಕು ಮಾರಾಯ್ರೆ" ಅಂತ ಒಬ್ಬ. ಮರುದಿನ ಅವರ ಬುತ್ತಿಯಲ್ಲಿ ಎರಡು ಹುರಿದ ಬಂಗುಡೆ ಮೀನು, ಎರಡು ಬೇಯಿಸಿದ ಮೊಟ್ಟೆ, ತೊಂಡೆಕಾಯಿ ಪಲ್ಯ, ಒಂದು ತುಂಡು ಸೌತೆಕಾಯಿ. ಒಂದು ಅಗುಳು ಅನ್ನ ಇಲ್ಲ.

ಅನ್ನ ಬಿಟ್ಟರು, ಆದರೆ ಸೂಜಿಯ ಅಳತೆ ಹಾಗೇ ಇಟ್ಟರು. ಯಾರನ್ನೂ ಕೇಳಲಿಲ್ಲ.

ಮೂರನೆಯ ದಿನ ಕಾಪಿಕಾಡಿನ ಹತ್ತಿರ ಬಸ್ಸು ಸುಮ್ಮನೆ ರಸ್ತೆಯ ನಡುವೆ ನಿಂತಿತು. ಮುಂದೆ ಹೋಗಿ ನೋಡಿದರೆ ಅಣ್ಣನ ಶರ್ಟು ಪೂರ್ತಿ ಒದ್ದೆ. ನನ್ನನ್ನು ನೋಡಿ, "ಯಾರು ನೀನು, ಇಳಿ ಕೆಳಗೆ" ಅಂದರು. ಕುಡಿದಿದ್ದಾರೆ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಅತ್ತಾವರಕ್ಕೆ ಡ್ಯೂಟಿಗೆ ಹೋಗುತ್ತಿದ್ದ ನರ್ಸೊಬ್ಬರು ಮುಂದಿನ ಸೀಟಿನಲ್ಲಿದ್ದರು, ಅವರಿಗೆ ತಕ್ಷಣ ಗೊತ್ತಾಯಿತು. "ಕುಡಿದದ್ದಲ್ಲ, ಶುಗರ್ ಇಳಿದದ್ದು. ಯಾರ ಹತ್ರ ಸಿಹಿ ಉಂಟು? ಬೇಗ!" ಯಾರೋ ನಿಶ್ಚಿತಾರ್ಥಕ್ಕೆ ತೆಗೆದುಕೊಂಡು ಹೋಗುತ್ತಿದ್ದ ಲಾಡಿನ ಪೊಟ್ಟಣ ಬಿಚ್ಚಿದರು. ಲಾಡನ್ನು ಪುಡಿ ಮಾಡಿ ತಿನ್ನಿಸಿ, ಬಾಟ್ಲಿಯ ಪೆಪ್ಸಿ ಕುಡಿಸಿದ ಮೇಲೆ ಹತ್ತು ನಿಮಿಷಕ್ಕೆ ಮನುಷ್ಯನಾದರು. ಆದ ಕೂಡಲೇ ಕೇಳಿದ್ದು, "ಎಷ್ಟು ನಿಮಿಷ ಲೇಟ್?"

ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. ಆ ಹೆಂಗಸು ಬೈದದ್ದು ಇವತ್ತಿಗೂ ಕಿವಿಯಲ್ಲಿ ಉಂಟು. "ಅನ್ನ ಕಮ್ಮಿ ಮಾಡಿದ್ದು ತಪ್ಪಲ್ಲ. ನನಗೆ ಹೇಳದೆ ಮಾಡಿದ್ದು ತಪ್ಪು. ಈ ಇನ್ಸುಲಿನ್ ನಾನು ಬರೆದದ್ದು ನಿಮ್ಮ ಆ ಮೂರು ರಾಶಿ ಅನ್ನಕ್ಕೆ. ಅನ್ನ ಇಲ್ಲದಿದ್ರೆ ಅದು ಯಾರನ್ನು ಹಿಡಿಯಬೇಕು? ನಿಮ್ಮನ್ನೇ ಹಿಡೀತದೆ." ಇವರು ತಲೆ ತಗ್ಗಿಸಿ, "ಹಾಗಾದ್ರೆ ಸೂಜಿ ಬಿಡ್ಲಾ ಮೇಡಂ?" ಅಂದರು. ಡಾಕ್ಟರಮ್ಮ ಪೆನ್ನು ಮೇಜಿನ ಮೇಲೆ ಕುಕ್ಕಿದರು. "ಬಿಟ್ರೆ ಇನ್ನೊಂದು ರೀತಿ ಸಾಯ್ತೀರಿ. ಬಿಡುವುದಲ್ಲ, ಹೊಂದಿಸುವುದು. ಎರಡೂ ಒಟ್ಟಿಗೆ ಇಳಿಯಬೇಕು. ನಾನು ಹೇಳಿದಷ್ಟೇ, ನಾನು ಹೇಳಿದ ಹಾಗೆ." ಕೊನೆಗೆ, ಬಸ್ಸು ಹತ್ತುವ ಮುಂಚೆ ಪ್ರತಿಸಲ ಶುಗರ್ ನೋಡಬೇಕು, ಯಜಮಾನರಿಗೆ ತಿಳಿಸಬೇಕು ಅಂದರು. ಮೊದಲಿನದಕ್ಕೆ ತಲೆಯಾಡಿಸಿದರು. ಎರಡನೆಯದಕ್ಕೂ ತಲೆಯಾಡಿಸಿದರು, ಆದರೆ ಅದು ಬೇರೆ ತಲೆಯಾಟ ಅಂತ ನನಗೆ ಆಗಲೇ ಗೊತ್ತಾಯಿತು.

ಆಮೇಲಿನ ಮೂರು ವರ್ಷ ಅವರನ್ನು ನೋಡಬೇಕಿತ್ತು. ಎಸ್ಸೆಸ್ಸೆಲ್ಸಿ ಫೇಲಾದ ಮನುಷ್ಯ ದೊಡ್ಡ ವಿಜ್ಞಾನಿಯಾಗಿಬಿಟ್ಟರು. ಡಾಕ್ಟರಮ್ಮ ಅನ್ನವನ್ನು ಗ್ರಾಮಿನಲ್ಲಿ ಹೇಳಿದ್ದರು. ಇವರ ಮನೆಯಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ಅಡುಗೆಮನೆಯಲ್ಲಿದ್ದ ಹಳೆಯ ತೆಂಗಿನ ಚಿಪ್ಪಿನ ಸೌಟೊಂದನ್ನು ಹಿಡಿದುಕೊಂಡು ದಿನಸಿ ಅಂಗಡಿಗೆ ಹೋಗಿ, ಅದರಲ್ಲಿ ಒಂದು ಸಲ ಹಿಡಿಯುವ ಅನ್ನವನ್ನು ತೂಗಿಸಿಕೊಂಡು ಬಂದರು. ಅನ್ನ ಕಟ್ಟಿಕೊಂಡು ಬಂದು ತೂಗಿಸಿದ ಗಿರಾಕಿ ಆ ಅಂಗಡಿಯವನಿಗೆ ಅದೇ ಮೊದಲು. ಆಮೇಲೆ ಎಲ್ಲ ಅಳತೆಯೂ ಆ ಸೌಟಿನಲ್ಲೇ. ಮಧ್ಯಾಹ್ನಕ್ಕೆ ಅರ್ಧ ಸೌಟು ಅನ್ನ, ಉಳಿದದ್ದು ಮೀನು, ಮೊಟ್ಟೆ, ಪಲ್ಯ. ಅದಕ್ಕೆ ಇಷ್ಟು ಸೂಜಿ. ಬೆಳಿಗ್ಗೆ ಒಂದು ನೀರುದೋಸೆ, ಅದಕ್ಕೆ ಇಷ್ಟು. ಎರಡಾದರೆ ಇಷ್ಟು. ಪ್ರತಿ ತಿಂಗಳು ಡಾಕ್ಟರಮ್ಮನಿಗೆ ತೋರಿಸಿ, ಅವರು ಹೂಂ ಅಂದ ಮೇಲೆಯೇ ಒಂದು ಗೆರೆ ಅತ್ತ ಇತ್ತ. ಮದುವೆಗೆ ಹೋದರೆ ಬಡಿಸುವವನ ಸೌಟನ್ನೇ ನೋಡುತ್ತಿದ್ದರು. "ಅವನ ಒಂದು ಸೌಟು ಅಂದ್ರೆ ನಮ್ಮದು ಮೂರು. ನಂಬ್ಲಿಕ್ಕೆ ಆಗುವುದಿಲ್ಲ ಮಾರಾಯ" ಅನ್ನುತ್ತಿದ್ದರು.

ಮೀನಿನ ಬಗ್ಗೆ ಒಂದು ಸಂಗತಿ ಅವರು ಪತ್ತೆ ಹಚ್ಚಿದ್ದರು. ಬೂತಾಯಿ ಹೊಟ್ಟೆ ತುಂಬ ತಿಂದ ದಿನ ಶುಗರ್ ತಕ್ಷಣ ಏರುವುದಿಲ್ಲ, ಮೂರು ನಾಲ್ಕು ಗಂಟೆ ಬಿಟ್ಟು ಮೆಲ್ಲ ಏರುತ್ತದೆ. "ಅನ್ನ ಎಕ್ಸ್‌ಪ್ರೆಸ್, ಮೀನು ಲೋಕಲ್" ಅಂತ ಅವರ ಮಾತು. ಡಾಕ್ಟರಮ್ಮ ಕೇಳಿ ನಕ್ಕು, ಇದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ ಅಂದರಂತೆ. ಅದನ್ನು ಸ್ಟ್ಯಾಂಡಿನಲ್ಲಿ ಹೇಳಿಕೊಳ್ಳಲಾಗದೆ ಅವರಿಗೆ ಹೊಟ್ಟೆನೋವು ಬಂದದ್ದು ಮಾತ್ರ ಬಾಕಿ. ಕಾಯಿಲೆಯೇ ಗುಟ್ಟು, ಹೊಗಳಿಕೆಯನ್ನು ಯಾರಿಗೆ ಹೇಳುವುದು? ನನಗೇ ಏಳು ಸಲ ಹೇಳಿದರು.

ಇನ್ನೊಂದು ಕಟ್ಟುನಿಟ್ಟು ಇತ್ತು. ಊಟ ಕಣ್ಣೆದುರು ಇಲ್ಲದೆ ಸೂಜಿ ಚುಚ್ಚುವುದಿಲ್ಲ. ಬುತ್ತಿ ಬಂಪರಿನ ಮೇಲೆ ಬಂದ ಮೇಲೆ ಸೂಜಿ, ಸೂಜಿಯಾದ ಮೇಲೆ ಮುಚ್ಚಳ. ನಿಂತುಕೊಂಡು ತಿನ್ನುತ್ತಿದ್ದದ್ದೂ ಅದಕ್ಕೇ, ಯಾರಾದರೂ ಕರೆದು ಎಬ್ಬಿಸಿಬಿಟ್ಟಾರು ಅನ್ನುವ ಹೆದರಿಕೆ. ಮೂರು ವರ್ಷ ಒಂದೇ ಒಂದು ಸಲವೂ ಶುಗರ್ ಇಳಿದು ಬಸ್ಸು ನಿಲ್ಲಲಿಲ್ಲ. ಪ್ರತಿ ಟ್ರಿಪ್ಪಿಗೆ ಮುಂಚೆ ಬೆರಳು ಚುಚ್ಚಿ ನೋಡುತ್ತಿದ್ದರು. ಕಡಿಮೆ ಇದ್ದರೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಗ್ಲೂಕೋಸ್ ಪುಡಿ ತಿಂದು, ಕಾದು, ಮತ್ತೆ ನೋಡಿ ಸ್ಟಾರ್ಟ್ ಮಾಡುತ್ತಿದ್ದರು. ಬೆರಳ ತುದಿಗಳೆಲ್ಲ ತೂತು ತೂತಾಗಿದ್ದವು. ಇಷ್ಟು ಜಾಗ್ರತೆಯ ಮನುಷ್ಯನನ್ನು ನಾನು ನೋಡಿಲ್ಲ, ಮತ್ತೆ ನೋಡುವುದೂ ಇಲ್ಲ.

ಇನ್ನು ಆ ದಿನದ್ದು ಹೇಳಬೇಕು.

ನಮ್ಮ ಬಸ್ಸು ಹನ್ನೆರಡು ಐವತ್ತಕ್ಕೆ ಬಂದು ಒಂದು ಮೂವತ್ತೈದಕ್ಕೆ ಹೊರಡುವುದು. ಅದು ಅವರ ಊಟದ ಹೊತ್ತು. ನಾನು ಟೀ ಕುಡಿದು ಬರುವಾಗ ಒಂದು ಹತ್ತರ ಬಸ್ಸಿನ ಕಂಡಕ್ಟರ್ ಓಡಿ ಬಂದ. "ಹಿಂದಿನ ಟಯರ್ ಹೋಯ್ತು ಮಾರಾಯ, ನಮ್ಮ ಟೈಮ್ ನೀವು ತಗೊಳ್ಳಿ." ನಾನು ಯೋಚಿಸಲಿಲ್ಲ. ಆಯ್ತು ಅಂದೆ. ಅಂದದ್ದಷ್ಟೇ ಅಲ್ಲ, ಸ್ವಲ್ಪ ದೊಡ್ಡಸ್ತಿಕೆಯಿಂದಲೇ ಅಂದೆ, ನಾಲ್ಕು ಜನ ಕೇಳಲಿ ಅಂತ. ಅವನ ಪ್ಯಾಸೆಂಜರುಗಳೆಲ್ಲ ನಮ್ಮ ಬಸ್ಸಿಗೆ ಹತ್ತಿಯೂ ಆಯಿತು. ಹಿಂದೆ ಹೋಗಿ, "ಅಣ್ಣ, ಒಂದು ಹತ್ತು ನಮ್ಮದು, ಪೋಯಿ, ಹೋಗುವ" ಅಂದೆ.

ಬುತ್ತಿ ಬಂಪರಿನ ಮೇಲಿತ್ತು, ಮುಚ್ಚಳ ತೆಗೆದಿರಲಿಲ್ಲ. ಅವರು ಎಡಗೈಯಲ್ಲಿ ಶರ್ಟಿನ ತುದಿಯನ್ನು ಕೆಳಗೆ ಎಳೆದುಕೊಳ್ಳುತ್ತಿದ್ದರು.

ನನಗೆ ಗೊತ್ತಾಯಿತು. ಇಲ್ಲಿ ನಾನು ಸುಳ್ಳು ಬರೆಯುವುದಿಲ್ಲ. ಆ ಶರ್ಟು ನೋಡಿದ ಕೂಡಲೇ ಚುಚ್ಚಿ ಆಗಿದೆ ಅಂತ ನನಗೆ ಗೊತ್ತಾಯಿತು. ಎರಡು ನಿಮಿಷ ತಿನ್ನಿ ಅಂತ ಹೇಳಬಹುದಿತ್ತು. ಆಗುವುದಿಲ್ಲ, ಬೇರೆ ಬಸ್ಸು ನೋಡಿ ಅಂತ ಆ ಕಂಡಕ್ಟರಿಗೆ ಹೇಳಬಹುದಿತ್ತು. ಆದರೆ ಬಸ್ಸು ತುಂಬಿತ್ತು, ಕೊಟ್ಟ ಮಾತು ತಪ್ಪುವುದು ಹೇಗೆ ಅನ್ನಿಸಿತು. ಒಂದು ಟ್ರಿಪ್ಪು ತಾನೇ, ಮುಕ್ಕಾಲು ಗಂಟೆ, ಸುಧಾರಿಸುತ್ತಾರೆ ಅಂದುಕೊಂಡೆ. ಅವರು ನನ್ನನ್ನು ಒಮ್ಮೆ ನೋಡಿದರು. ಬುತ್ತಿ ತೆಗೆದುಕೊಂಡು ಸೀಟಿಗೆ ಹತ್ತಿದರು. ನಾನು ವಿಜಿಲ್ ಊದಿದೆ.

ಸಿಗ್ನಲ್ಲಿನಲ್ಲಿ ಬುತ್ತಿ ತೆಗೆದು ಒಂದು ಬಂಗುಡೆಯನ್ನು ಬಾಯಿಗೆ ತುರುಕಿಕೊಂಡದ್ದು ಕಂಡಿತು. ಸದ್ಯ, ತಿಂದರಲ್ಲ ಅಂದುಕೊಂಡೆ. ಮೀನು ಲೋಕಲ್ ಅಂತ ಏಳು ಸಲ ಕೇಳಿದವನಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಅವರಿಗೂ ನೆನಪಾಗಲಿಲ್ಲವೋ ಏನೋ. ಶುಗರ್ ಇಳಿಯುವವನ ಬುದ್ಧಿಯೇ ಮೊದಲು ಇಳಿಯುತ್ತದೆ, ಗ್ಲೂಕೋಸ್ ಕೈಗೆ ಸಿಗುವ ಹಾಗೆ ಇದ್ದರೂ ಅದು ಬೇಕು ಅಂತ ಹೊಳೆಯುವುದಿಲ್ಲ. ಇದು ಈಗ ನನ್ನ ಮೈಗೇ ಬಂದು ಗೊತ್ತಾದ ಸಂಗತಿ.

ಬಿಜೈ ದಾಟಿದ ಮೇಲೆ ಒಂದು ಸ್ಟಾಪಿನಲ್ಲಿ ಬಸ್ಸು ನಿಲ್ಲಲಿಲ್ಲ. ಜನ ಬೊಬ್ಬೆ ಹಾಕಿದರು. ನಾನು ಹಿಂದಿನ ಬಾಗಿಲಿನಲ್ಲಿದ್ದೆ, ವಿಜಿಲ್ ಮೇಲೆ ವಿಜಿಲ್ ಊದಿದೆ. ಬಸ್ಸು ಮೆಲ್ಲ ಎಡಕ್ಕೆ ವಾಲಿ, ರಸ್ತೆ ಬಿಟ್ಟು, ಬೊಂಡ, ಅಂದರೆ ಎಳನೀರು, ಮಾರುವವನ ಖಾಲಿ ಚಿಪ್ಪಿನ ರಾಶಿಗೆ ನುಗ್ಗಿ ನಿಂತಿತು. ಅಲ್ಲಿ ಬಸ್ಸಿಗೆ ಕಾದು ನಿಂತಿದ್ದ ಕಾಲೇಜು ಹುಡುಗಿಯೊಬ್ಬಳ ಚೀಲ ಮುಂದಿನ ಚಕ್ರದಡಿ ಹೋಗಿತ್ತು. ಹುಡುಗಿ ಚಕ್ರದಿಂದ ಒಂದು ಗೇಣು ಆಚೆ ನಿಂತಿದ್ದಳು. ಅವಳಿಗೆ ಏನೂ ಆಗಲಿಲ್ಲ. ದೇವರೇ, ಏನೂ ಆಗಲಿಲ್ಲ. ಆದರೆ ಆ ಒಂದು ಗೇಣನ್ನು ನಾನು ಎಷ್ಟು ಸಲ ಕನಸಿನಲ್ಲಿ ಅಳೆದಿದ್ದೇನೋ ಲೆಕ್ಕವಿಲ್ಲ. ಓಡಿ ಹೋಗಿ ಕೀ ತಿರುಗಿಸಿ, ಅವರ ಬಾಯಿಗೆ ಗ್ಲೂಕೋಸ್ ಸುರಿದೆ. ಅವರ ಎರಡೂ ಕೈ ಸ್ಟೇರಿಂಗನ್ನು ಬಿಡಲಿಲ್ಲ, ನಾನು ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಸಂಜೆ ಧಣಿ ಕರೆದರು. ಅಣ್ಣ ಹೊರಗೆ ಜಗಲಿಯಲ್ಲಿ ನಿಂತಿದ್ದರು, ನಾನು ಒಳಗೆ ಹೋದೆ. "ಎಂತ ಆಯ್ತು?" ಅಂದರು ಧಣಿ. ನಾನು ಹೇಳಿದೆ. ಅವರಿಗೆ ಶುಗರ್ ಉಂಟು, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಇದಕ್ಕೆ ಮುಂಚೆಯೂ ಒಮ್ಮೆ ಹೀಗೆ ಆಗಿತ್ತು ಅಂತ. ಹೇಳಬೇಕಾದದ್ದೇ, ಅದರಲ್ಲಿ ನನಗೆ ಇವತ್ತಿಗೂ ಸಂಶಯ ಇಲ್ಲ. ಆ ಹುಡುಗಿಯ ಚೀಲ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯನೇ ಅಲ್ಲ. ಆದರೆ ಪೂರ್ತಿ ಹೇಳಲಿಲ್ಲ. ಟೈಮಿಂಗ್ ಬದಲಾಯಿಸಿದ್ದು ನಾನು, ಚುಚ್ಚಿದ್ದು ಗೊತ್ತಿದ್ದೂ ವಿಜಿಲ್ ಊದಿದ್ದು ನಾನು. ಧಣಿ, "ಇಷ್ಟು ವರ್ಷ ನೀನು ಬಾಯಿಗೆ ಬೀಗ ಹಾಕಿದ್ದಾ?" ಅಂತ ನನ್ನನ್ನು ಬೈದರು. ಬೈಗುಳ ತಿಂದೆನಲ್ಲ, ಶಿಕ್ಷೆ ಮುಗಿಯಿತಲ್ಲ ಅಂತ ಹೊರಗೆ ಬಂದೆ. ಎಂಥ ಹೇಡಿ ನಾನು.

ಅಣ್ಣನನ್ನು ಕರೆದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ತಪ್ಪಾಯ್ತು ಧಣಿ." ಟೈಮಿಂಗಿನ ಮಾತು ಅವರ ಬಾಯಿಂದ ಬರಲಿಲ್ಲ.

ಧಣಿ ಕೆಟ್ಟವರಲ್ಲ. ಸ್ಟೇರಿಂಗ್ ಕಿತ್ತುಕೊಂಡರು, ಆದರೆ ಹೇಳುವವರಿಗೆ ಹೇಳಿ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಕೆಲಸ ಕೊಡಿಸಿದರು. ಇಪ್ಪತ್ತೈದು ವರ್ಷ ಬಸ್ಸು ಓಡಿಸಿದವರು ಕೊಡೆ ಹಿಡಿದುಕೊಂಡು, ಕೈಗಡಿಯಾರ ನೋಡಿಕೊಂಡು, ಬೇರೆಯವರ ಬಸ್ಸು ಬಿಡಿಸುತ್ತ ನಿಂತರು. ಮೊದಲ ಕೆಲವು ದಿನ ಬಲಗಾಲು ತನ್ನಷ್ಟಕ್ಕೇ ನೆಲ ಒತ್ತುತ್ತಿತ್ತು, ಬಸ್ಸೊಂದು ಹೊರಡುವಾಗ. ನಾನು ನೋಡದವನ ಹಾಗೆ ಟಿಕೆಟಿನ ಕಟ್ಟು ಬಿಡಿಸುತ್ತ ಕೂರುತ್ತಿದ್ದೆ.

ಆ ಕೆಲಸದಲ್ಲೂ ಅವರು ಸುಮ್ಮನಿರಲಿಲ್ಲ. ಹೊಸ ಕಾಯಿದೆ ತಂದರು: ಹನ್ನೆರಡೂವರೆಯಿಂದ ಎರಡರವರೆಗೆ ಟೈಮಿಂಗ್ ಬದಲಾವಣೆ ಇಲ್ಲ. ಟಯರ್ ಹೋಗಲಿ, ಎಂಜಿನ್ನೇ ಹೋಗಲಿ, ಡ್ರೈವರನ್ನು ಕೇಳದೆ ಇಲ್ಲ. "ಉಣಸ್ ಆಂಡಾ?" ಅಂತ ಪ್ರತಿ ಡ್ರೈವರಿನ ಕಿಟಕಿಗೆ ಹೋಗಿ ಕೇಳುವುದು. ಊಟ ಆಯಿತಾ ಅಂತ ನಮ್ಮೂರಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ, ಯಾರೂ ಉತ್ತರಕ್ಕೆ ಕಾಯುವುದಿಲ್ಲ. ಇವರು ಕಾಯುತ್ತಿದ್ದರು. ಇಲ್ಲ ಅಂದವನನ್ನು ಇಳಿಸಿ ಕಳಿಸುತ್ತಿದ್ದರು. ಕಂಡಕ್ಟರುಗಳು ಹಿಡಿಶಾಪ ಹಾಕಿದರು. ಅವರು ಈ ಕಾಯಿದೆ ಯಾಕೆ ತಂದರು ಅಂತ ಗೊತ್ತಿದ್ದವನು ನಾನೊಬ್ಬ. ಅವರು ನನ್ನ ಹೊಸ ಡ್ರೈವರಿನ ಕಿಟಕಿಗೆ ಬಂದು ಕೇಳುವಾಗ ಒಂದು ಸಲವೂ ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಮಾತಿನಲ್ಲಿ ಬೈಗುಳ ನಿಂತುಹೋಗಿತ್ತು. ಅದು ನನಗೆ ಹೆಚ್ಚು ನೋವು.

ಮುಂದೆ ನನ್ನ ಮಂಡಿ ಹೋಯಿತು. ಬಸ್ಸು ಬಿಟ್ಟು ಬಿಜೈಯಲ್ಲಿ ಒಂದು ಜೆರಾಕ್ಸ್ ಅಂಗಡಿ ಹಾಕಿದೆ. ಎರಡು ವರ್ಷದ ಹಿಂದೆ ನನಗೂ ಅದೇ ಕಾಯಿಲೆ, ಮಾತ್ರೆ ಸಾಲದೆ ಅದೇ ಸೂಜಿ. ನಾನೋ ಮಹಾ ಬುದ್ಧಿವಂತ, ಎಲ್ಲ ನೋಡಿ ಕಲಿತವನಲ್ಲವೇ! ಮೊದಲ ದಿನವೇ ಅನ್ನ ಪೂರ್ತಿ ಬಿಟ್ಟೆ. ಸೂಜಿ ಡಾಕ್ಟರು ಹೇಳಿದಷ್ಟೇ ಚುಚ್ಚಿದೆ. ಅಂಗಡಿಯಲ್ಲಿ ಒಬ್ಬರ ಆಧಾರ್ ಕಾರ್ಡನ್ನು ನಲವತ್ತು ಕಾಪಿ ತೆಗೆದು, ಅವರು ಬೇಡ ಬೇಡ ಅಂದರೂ ತೆಗೆಯುತ್ತಲೇ ಇದ್ದೆನಂತೆ. ನನ್ನ ಹೆಂಡತಿ ಸಕ್ಕರೆ ನೀರು ಕುಡಿಸಿ, ನನಗೆ ಹೇಳದೆ ಅವರಿಗೆ ಫೋನ್ ಮಾಡಿದಳು.

ಅರ್ಧ ಗಂಟೆಯಲ್ಲಿ ಮನೆಗೆ ಬಂದರು. ಕೈಯಲ್ಲಿ ಆ ಚಿಪ್ಪಿನ ಸೌಟು. ಚಪ್ಪಲಿ ಬಿಡುವ ಮೊದಲೇ ಬೈಗುಳ ಶುರು. "ನಿನಗೆ ತಲೆ ಉಂಟಾ? ನನ್ನನ್ನು ಎರಡು ಸಲ ಎಬ್ಬಿಸಿದವನು ನೀನು, ನೀನೇ ಇದನ್ನು ಮಾಡುವುದಾ? ಅನ್ನ ಬಿಡುವವ ಮೊದಲು ಡಾಕ್ಟರಿಗೆ ಹೇಳ್ಬೇಕು. ಅವರು ಸೂಜಿ ಇಳಿಸಿದ ಮೇಲೆ ಅನ್ನ ಇಳಿಸ್ಬೇಕು. ಎಷ್ಟು ವರ್ಷ ನೋಡಿದ್ದೀ ನೀನು, ಎಂತ ನೋಡಿದ್ದು, ಮಣ್ಣು?" ಅಷ್ಟು ವರ್ಷದ ಬಾಕಿ ಬೈಗುಳ ಒಟ್ಟಿಗೆ ಬಂತು. ನಾನು ಅತ್ತುಬಿಟ್ಟೆ. ಶುಗರ್ ಇಳಿದದ್ದಕ್ಕೆ ಅಂತ ಹೆಂಡತಿ ಅಂದುಕೊಂಡಳು. ಮರುದಿನ ಅವರೇ ನನ್ನನ್ನು ಅತ್ತಾವರಕ್ಕೆ ಕರೆದುಕೊಂಡು ಹೋಗಿ ಅದೇ ಡಾಕ್ಟರಮ್ಮನ ಎದುರು ಕೂರಿಸಿದರು. ತಿಂಗಳಿಗೊಮ್ಮೆ ಬಂದು ನನ್ನ ತಟ್ಟೆ ನೋಡುತ್ತಿದ್ದರು. ಆಗಲೂ ನಾನು ಹೇಳಬಹುದಿತ್ತು. ಪ್ರತಿಸಲ ಇವತ್ತು ಹೇಳುತ್ತೇನೆ ಅಂತ ಎದ್ದು ಕೂರುತ್ತಿದ್ದೆ. ಅವರು ಮಾತಾಡುತ್ತ ಚಾವಡಿಯಲ್ಲಿ ಆ ಕಡೆ ಈ ಕಡೆ ನಡೆಯುತ್ತಿದ್ದರು. ಹೇಳಲಿಕ್ಕೆ ಬಾಯಿ ತೆರೆಯುವಾಗ ನನ್ನ ಕಡೆಗೆ ಅವರ ಬೆನ್ನು ಇರುತ್ತಿತ್ತು.

ಮಾರ್ಚಿನಲ್ಲಿ ತೀರಿಹೋದರು. ಬೆಳಿಗ್ಗೆ ಕೆಲಸಕ್ಕೆ ಹೊರಡಲು ಚಪ್ಪಲಿ ಹಾಕಿಕೊಳ್ಳುವಾಗ ಹೃದಯ ನಿಂತಿತು. ನೋಡಲು ಬಂದವರಲ್ಲಿ ಯಾರೋ, "ಶುಗರ್ ಇತ್ತಲ್ಲ" ಅಂದರು. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತೇನೆ, ಅಳುತ್ತಿದ್ದವರು ತಲೆ ಎತ್ತಿ, "ಅದರಿಂದ ಅಲ್ಲ. ಇವತ್ತು ಬೆಳಿಗ್ಗೆ ನೂರ ಹನ್ನೆರಡು ಇತ್ತು" ಅಂದರು.

ನಾಲ್ಕು ದಿನದ ಹಿಂದೆ ಅವರ ಮನೆಯಲ್ಲಿ ಆಟಿಯ ಬಡಿಸುವಿಕೆ. ಮಳೆಗಾಲದ ಈ ಆಟಿ ತಿಂಗಳಲ್ಲಿ ನಮ್ಮಲ್ಲಿ ತೀರಿಹೋದವರಿಗೆ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತೇವೆ. ಮನೆಯವರು ಒಬ್ಬೊಬ್ಬರಾಗಿ ಎಲೆಯ ಬದಿಗೆ ನೀರು ಬಿಟ್ಟು ನಾಲ್ಕು ಮಾತು ಹೇಳುತ್ತಾರೆ. ಆಮೇಲೆ ಬಾಗಿಲು ಎಳೆದುಕೊಂಡು ಹೊರಗೆ ಕಾಯುವುದು, ಅವರು ಬಂದು ಉಣ್ಣಲಿ ಅಂತ. ಅಕ್ಕ ನನಗೂ ಹೇಳಿ ಕಳಿಸಿದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋದೆ. ಎಲೆಯ ಮೇಲೆ ಕೋಳಿ, ಹುರಿದ ಬಂಗುಡೆ, ಮೊಟ್ಟೆ, ತೊಂಡೆಕಾಯಿ. ಅಕ್ಕ ದೊಡ್ಡ ಸೌಟಿನಲ್ಲಿ ಕುಚ್ಚಲಕ್ಕಿ ಅನ್ನ ತಂದು ರಾಶಿ ಹಾಕಿದರು. ಇನ್ನು ಯಾರು ಲೆಕ್ಕ ಕೇಳುವವರು ಅಂತ ಇರಬೇಕು. ಹಾಕಿ ಒಂದು ಕ್ಷಣ ನೋಡಿದರು. ಒಳಗೆ ಹೋಗಿ ಚಿಪ್ಪಿನ ಸೌಟು ತಂದು, ರಾಶಿಯನ್ನೆಲ್ಲ ತೆಗೆದು, ಅರ್ಧ ಸೌಟು ಮಾತ್ರ ಉಳಿಸಿದರು. "ಜಾಸ್ತಿ ಹಾಕಿದ್ರೆ ಅವರಿಗೆ ಸಿಟ್ಟು ಬರ್ತದೆ" ಅಂದರು. ಮಗಳು ಮುಖ ಆ ಕಡೆ ಮಾಡಿದಳು.

ಅಕ್ಕ ನೀರು ಬಿಟ್ಟರು, ಮಗಳು ಬಿಟ್ಟಳು. ಚೊಂಬು ನನ್ನ ಕೈಗೆ ಬಂತು. ಏನೋ ಸಣ್ಣ ಮಾತು ಹೇಳಿ ಏಳುವ ಎಂದಿದ್ದೆ. ಎಲೆಯ ಮೇಲಿನ ಆ ಅರ್ಧ ಸೌಟು ಅನ್ನ ನೋಡಿದ ಮೇಲೆ ಆಗಲಿಲ್ಲ. "ಅಣ್ಣ, ಆ ದಿನ ಒಂದು ಹತ್ತರ ಟೈಮಿಂಗ್ ತಗೊಂಡದ್ದು ನಾನು. ನಿಮ್ಮನ್ನು ಕೇಳ್ಲಿಲ್ಲ. ನೀವು ಚುಚ್ಚಿ ಆಗಿದೆ ಅಂತ ನನಗೆ ಗೊತ್ತಿತ್ತು. ಧಣಿಗೆ ಅದನ್ನು ನಾನು ಹೇಳ್ಲಿಲ್ಲ" ಅಂದೆ. ಗಟ್ಟಿಯಾಗಿಯೇ ಅಂದೆ. ಚೊಂಬಿನಲ್ಲಿದ್ದ ನೀರೆಲ್ಲ ಚೆಲ್ಲಿಹೋಯಿತು.

ಅಕ್ಕ ಬಾಗಿಲು ಎಳೆದರು. ಮೂವರೂ ಜಗಲಿಯಲ್ಲಿ ನಿಂತೆವು, ಮಾಡಿನಿಂದ ನೀರು ಸುರಿಯುತ್ತಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು, ಆ ನೋಟಕ್ಕೆ ನಾನು ಲಾಯಕ್ಕಾದವನೇ. "ನನಗೆ ಯಾಕೆ ಹೇಳ್ಲಿಲ್ಲ ಮಾಮ, ಅಪ್ಪ ಇರುವಾಗ?" ಅಂದಳು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡೇ ಒರೆಸಿಕೊಂಡರು. "ಅವರು ನನಗೆ ಹೇಳಿದ್ದು ಬೇರೆ" ಅಂದರು. "ಚುಚ್ಚಿದ್ದೇನೆ ಅಂತ ಒಂದು ಮಾತು ನಾನೇ ಹೇಳ್ಬೇಕಿತ್ತು, ಅವನಿಗೆ ಗೊತ್ತಿರ್ಲಿಲ್ಲ ಪಾಪ, ಅಂತ ಹೇಳ್ತಿದ್ರು. ಸಾಯುವವರೆಗೂ ಹಾಗೇ ಹೇಳ್ತಿದ್ರು."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ದಿನ ಅಣ್ಣ ನನ್ನನ್ನು ನೋಡಿದ್ದರು. ಶರ್ಟು ಎಳೆದುಕೊಳ್ಳುತ್ತ ನನ್ನ ಕಣ್ಣನ್ನೇ ನೋಡಿದ್ದರು. ನನಗೆ ಗೊತ್ತಿತ್ತು ಅಂತ ಅವರಿಗೂ ಗೊತ್ತಿತ್ತೋ, ಇಲ್ಲವೋ? ನಾಲ್ಕು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ, ಇನ್ನು ಕೇಳುವುದಾದರೂ ಯಾರನ್ನು?

ಬಾಗಿಲು ತೆರೆದು, ಎಲ್ಲರಿಗೂ ಎಲೆ ಹಾಕಿದರು. ಎದ್ದು ಹೋಗುತ್ತೇನೆ ಅಂದೆ. "ಕ್ರಮ ಉಂಟಲ್ಲ, ಉಣ್ಣದೆ ಹೋಗುವ ಹಾಗಿಲ್ಲ" ಅಂದರು ಅಕ್ಕ. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ನಾನು ಕೂತೆ, ಅಭ್ಯಾಸದಂತೆ ಜೇಬಿನಿಂದ ಇನ್ಸುಲಿನ್ ಪೆನ್ನು ತೆಗೆದೆ.

"ಈಗಲೇ ಬೇಡ" ಅಂದರು. ಚಿಪ್ಪಿನ ಸೌಟಿನಲ್ಲಿ ಅರ್ಧ ಅನ್ನ ತಂದು ನನ್ನ ಎಲೆಗೆ ಹಾಕಿದರು. ಮೀನು ಹಾಕಿದರು, ಪಲ್ಯ ಹಾಕಿದರು. ಎಲೆಯನ್ನೊಮ್ಮೆ ನೋಡಿ, "ಈಗ ಚುಚ್ಚು" ಅಂದರು. ನಾನು ಚುಚ್ಚಿಕೊಂಡು ಮೊದಲ ತುತ್ತು ನುಂಗುವವರೆಗೆ ಎದುರಿಗೆ ನಿಂತೇ ಇದ್ದರು.